ಇಳಿಯದ ಸಂಖ್ಯೆ

ಆಷಾಢದ ಗಾಳಿ ಶುರುವಾಯಿತೆಂದರೆ ಕಪ್ಪತಗುಡ್ಡದ ಸಾಲಿನುದ್ದಕ್ಕೂ ನಿಂತ ಗಾಳಿಯಂತ್ರಗಳು ಬೇಕಾದ್ದಕ್ಕಿಂತ ಹೆಚ್ಚು ವಿದ್ಯುತ್ತನ್ನು ಕೊಡುತ್ತಿದ್ದವು. ಅಷ್ಟನ್ನೂ ಕೂಡಿಡಲು ಯಾರಲ್ಲೂ ಜಾಗವಿರಲಿಲ್ಲ. ಅದಕ್ಕೇ ಗುಡ್ಡದ ಬುಡದಲ್ಲಿ, ಗದಗಿನಿಂದ ಡಂಬಳಕ್ಕೆ ಹೋಗುವ ದಾರಿಯಲ್ಲಿ, ಒಂದು ಲೆಕ್ಕಕೇಂದ್ರ ಕಟ್ಟಿದ್ದರು. ಅಲ್ಲಿ ಸಾಲುಸಾಲಾಗಿ ಜೋಡಿಸಿದ ಕಂಪ್ಯೂಟರುಗಳು ಮಳೆಯ ಮುನ್ಸೂಚನೆ, ರೈಲುಗಳ ಓಡಾಟ, ಹೊಸ ಔಷಧಗಳ ಪರೀಕ್ಷೆ ಹೀಗೆ ದೇಶದ ಯಾರ ಯಾರದೋ ಲೆಕ್ಕಗಳನ್ನು ಮಾಡಿಕೊಡುತ್ತಿದ್ದವು. ಆ ಕೆಲಸಗಳೆಲ್ಲ ಮುಗಿದ ಮೇಲೂ ಗಾಳಿ ಬೀಸುತ್ತಲೇ ಇದ್ದರೆ ಸಿಬ್ಬಂದಿ ತಮಗಿಷ್ಟವಾದ ಲೆಕ್ಕ ಹಾಕಿಕೊಳ್ಳಬಹುದು ಎಂಬ ನಿಯಮವೊಂದಿತ್ತು. ಅದನ್ನು ಮನಸಾರೆ ಬಳಸಿಕೊಂಡವಳು ನೀಲಗಂಗಾ ಹೊಂಬಳ ಒಬ್ಬಳೇ.

ನೀಲಗಂಗಾ ಧಾರವಾಡದಲ್ಲಿ ಗಣಿತ ಓದಿ, ಮದುವೆಯಾಗಿ ಗದಗಕ್ಕೆ ಬಂದು, ಕೇಂದ್ರದ ನಿಯಂತ್ರಣ ಕೋಣೆಯಲ್ಲಿ ಕೆಲಸಕ್ಕೆ ಸೇರಿದ್ದಳು. ಕಾಲೇಜಿನಲ್ಲಿ ಕೇಳಿದ ಒಂದು ಆಟ ಅವಳ ತಲೆಯಿಂದ ಹೋಗಿರಲಿಲ್ಲ. ಯಾವುದಾದರೂ ಒಂದು ಸಂಖ್ಯೆ ತೆಗೆದುಕೊಳ್ಳಿ. ಅದು ಸರಿಸಂಖ್ಯೆಯಾದರೆ ಅರ್ಧ ಮಾಡಿ. ಬೆಸವಾದರೆ ಮೂರು ಪಟ್ಟು ಮಾಡಿ ಒಂದು ಕೂಡಿಸಿ. ಬಂದದ್ದಕ್ಕೆ ಮತ್ತೆ ಹಾಗೇ ಮಾಡಿ. ಏಳು ತೆಗೆದುಕೊಂಡರೆ ಇಪ್ಪತ್ತೆರಡು, ಹನ್ನೊಂದು, ಮೂವತ್ನಾಲ್ಕು, ಹದಿನೇಳು ಎಂದು ಏರಿಳಿದು, ಐವತ್ತೆರಡರವರೆಗೆ ಹೋಗಿ, ಕೊನೆಗೆ ಹದಿನಾರು, ಎಂಟು, ನಾಲ್ಕು, ಎರಡು, ಒಂದು ಎಂದು ಕೆಳಗಿಳಿಯುತ್ತದೆ. ಇಲ್ಲಿಯವರೆಗೆ ಯಾರು ಯಾವ ಸಂಖ್ಯೆಯಿಂದ ಹೊರಟರೂ ಒಂದಕ್ಕೇ ಬಂದಿದ್ದಾರೆ. ಎಲ್ಲ ಸಂಖ್ಯೆಗಳೂ ಹೀಗೆ ಇಳಿಯುತ್ತವೆಯೇ? ಎಲ್ಲೋ ಒಂದು ಇಳಿಯದ ಸಂಖ್ಯೆ ಇದೆಯೇ? ಇದೆ ಎಂದು ತೋರಿಸಿದವರಿಲ್ಲ, ಇಲ್ಲ ಎಂದು ಸಾಧಿಸಿದವರೂ ಇಲ್ಲ.

ನೀಲಗಂಗಾ ಗಾಳಿ ಹೆಚ್ಚಾದಾಗಲೆಲ್ಲ ಕಂಪ್ಯೂಟರುಗಳನ್ನು ಈ ಹುಡುಕಾಟಕ್ಕೆ ಬಿಡುತ್ತಿದ್ದಳು. ದೊಡ್ಡ ದೊಡ್ಡ ಸಂಖ್ಯೆಗಳನ್ನು ಆರಿಸಿ, ಅವು ಇಳಿಯುತ್ತವೋ ಅಥವಾ ತಾವೇ ನಡೆದು ಬಂದ ದಾರಿಗೆ ಮರಳಿ ಸೇರಿ ಸುತ್ತತೊಡಗುತ್ತವೋ ನೋಡುವುದು. ಐದು ಆಷಾಢಗಳು ಹೀಗೇ ಕಳೆದವು. ಆರನೆಯ ವರ್ಷ, ಒಂದು ಮಧ್ಯಾಹ್ನ, ಊಟದ ಡಬ್ಬಿ ಬಿಚ್ಚುತ್ತಿದ್ದಾಗ ಪರದೆಯ ಮೇಲೆ ಅವಳು ತಾನೇ ಬರೆದು ಮರೆತಿದ್ದ ಒಂದು ಸಾಲು ಮೂಡಿತು: "ಸುತ್ತು ಸಿಕ್ಕಿದೆ."

ಪಕ್ಕದ ಮೇಜಿನಲ್ಲಿದ್ದ ದಾವಲಸಾಬ ನದಾಫರನ್ನು ಅವಳು ಕೂಗಲಿಲ್ಲ. ಕೈ ಮಾಡಿ ಕರೆದಳು. ದಾವಲಸಾಬರು ಕೇಂದ್ರದ ಯಂತ್ರಗಳ ಮೇಲ್ವಿಚಾರಕರು. ನಿವೃತ್ತಿಗೆ ಹತ್ತಿರ ಬಂದವರು.

"ಏನ ತಂಗಿ, ಮಾರಿ ಹಿಂಗ್ಯಾಕ ಆಗೇತಿ?"

"ದಾವಲಣ್ಣಾ, ಇಲ್ಲಿ ನೋಡ್ರಿ. ಇಪ್ಪತ್ತಾರು ಅಂಕಿದು. ಸಾವಿರಾರು ಹೆಜ್ಜಿ ನಡದು ವಾಪಸ್ ತನ್ನ ದಾರೀಗೇ ಬಂದೈತಿ. ಇಳಿದಿಲ್ಲ."

"ಮತ್ತೊಮ್ಮೆ ಓಡಿಸು."

ಮತ್ತೊಮ್ಮೆ ಓಡಿಸಿದರು. ಬೇರೆ ಸಾಲಿನ ಕಂಪ್ಯೂಟರುಗಳಲ್ಲಿ ಓಡಿಸಿದರು. ದಾವಲಸಾಬರ ಮೊಬೈಲಿನಲ್ಲೂ ಓಡಿಸಿದರು. ಎಲ್ಲ ಕಡೆಯೂ ಅದೇ ಉತ್ತರ ಬಂತು.

ಮೈಸೂರಿನ ನಿವೃತ್ತ ಗಣಿತ ಪ್ರಾಧ್ಯಾಪಕಿ ಇಂದುಮತಿ ಹೆಬ್ಬಾರರು ಈ ಆಟದ ಬಗ್ಗೆ ಇಡೀ ಜೀವನ ಕೆಲಸ ಮಾಡಿದವರು. ನೀಲಗಂಗಾ ಅವರಿಗೆ ಸಂಖ್ಯೆ ಕಳಿಸಿದಳು. ವಾರದೊಳಗೆ ಅವರು ನಾಲ್ಕು ದೇಶಗಳ ಗೆಳೆಯರಿಂದ ಪರೀಕ್ಷೆ ಮಾಡಿಸಿ ಫೋನು ಮಾಡಿದರು.

"ನೀಲಗಂಗಾ ಅವರೇ, ಎಲ್ಲ ಕಡೆ ಸರಿಹೋಗಿದೆ ಕಣ್ರೀ. ನಾನು ಇದು ಇರಲ್ಲ ಅಂತ ಅಂದ್ಕೊಂಡೇ ಮುದುಕಿ ಆದೆ. ನಿಮಗೆ ಸಿಕ್ತಲ್ಲ! ಪ್ರಕಟಣೆಗೆ ನಾನೂ ಸಹಿ ಹಾಕ್ತೀನಿ."

ಆಮೇಲಿನ ಒಂದು ತಿಂಗಳು ಗದಗ ಬೇರೆಯೇ ಊರಾಯಿತು. ಪತ್ರಿಕೆಯವರು ಅದಕ್ಕೆ 'ಇಳಿಯದ ಸಂಖ್ಯೆ' ಎಂದು ಹೆಸರಿಟ್ಟರು. ರಿಕ್ಷಾಗಳ ಹಿಂದೆ ಇಪ್ಪತ್ತಾರು ಅಂಕಿಗಳನ್ನು ಬರೆಸಿಕೊಂಡರು. ನೀಲಗಂಗಾಳ ಗಂಡ ಶಿವರುದ್ರ ಬಸ್‌ ನಿಲ್ದಾಣದ ಹತ್ತಿರ ಖಾನಾವಳಿ ನಡೆಸುತ್ತಿದ್ದ. ಅವನ ತಂಗಿ ಕಸ್ತೂರಿ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಊಟಕ್ಕೆ ಬಂದವರು ಎಣಗಾಯಿ ಪಲ್ಯಕ್ಕಿಂತ ಮೊದಲು ಸಂಖ್ಯೆಯ ಸುದ್ದಿ ಕೇಳುತ್ತಿದ್ದರು.

"ಅದರಿಂದ ಏನ ಉಪಯೋಗ ಆಗ್ತೈತ್ರಿ?" ಎಂದು ಒಬ್ಬರು ಕೇಳಿದರೆ ಶಿವರುದ್ರ, "ಉಪಯೋಗ ಏನಿಲ್ರಿ, ಐತಿ ಅಷ್ಟ. ಹಿಮಾಲಯದಿಂದ ನಿಮಗೇನ ಉಪಯೋಗ?" ಎನ್ನುತ್ತಿದ್ದ. ಈ ಮಾತು ಅವನಿಗೇ ಬಹಳ ಹಿಡಿಸಿತ್ತು.

ಊರಿನ ಗಣ್ಯರು ಸೇರಿ ಭಾನುವಾರವೊಂದನ್ನು ಗೊತ್ತುಮಾಡಿ ದೊಡ್ಡ ಸನ್ಮಾನ ಇಟ್ಟುಕೊಂಡರು. ದೂರದ ಒಂದು ಸಂಶೋಧನಾ ಸಂಸ್ಥೆ ನೀಲಗಂಗಾಳಿಗೆ ಹುದ್ದೆ ಕೊಡಲು ಮುಂದೆ ಬಂತು. ಇಷ್ಟೆಲ್ಲದರ ನಡುವೆ ಅವಳಿಗೆ ಒಂದು ವಿಚಿತ್ರ ಆಸೆಯಾಯಿತು. ಆ ಸಂಖ್ಯೆಯ ದಾರಿಯನ್ನು ತಾನೇ ನಡೆದು ನೋಡಬೇಕು. ಅವಳು ಅದನ್ನು ಪರದೆಯ ಮೇಲೆ ಕಂಡಿದ್ದಳೇ ಹೊರತು ಕೈಯಿಂದ ಮುಟ್ಟಿರಲಿಲ್ಲ. ಸಂಶಯವೇನೂ ಇರಲಿಲ್ಲ. ಬೆಟ್ಟದ ಚಿತ್ರ ನೋಡಿದವರಿಗೆ ಬೆಟ್ಟ ಹತ್ತಬೇಕೆನಿಸುವ ಹಾಗೆ, ಅಷ್ಟೇ.

ಬೆಳಿಗ್ಗೆ ಡಂಬಳದ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ರಟ್ಟಿನ ಹಲಗೆ ಇಟ್ಟುಕೊಂಡು ಲೆಕ್ಕ ಮಾಡತೊಡಗಿದಳು. ಮೂರು ಪಟ್ಟು, ಒಂದು ಕೂಡಿಸು. ಅರ್ಧ. ಅರ್ಧ. ಮೂರು ಪಟ್ಟು. ಬಸ್ಸು ಕುಲುಕಿದಾಗ ಅಂಕಿ ಸೊಟ್ಟಗಾಗುತ್ತಿತ್ತು. ಸಂಖ್ಯೆ ಏರುವಾಗ ಅವಳಿಗೆ ಉಸಿರು ಬಿಗಿಹಿಡಿದಂತಾಗುತ್ತಿತ್ತು, ಸಾಲಾಗಿ ನಾಲ್ಕೈದು ಸಲ ಅರ್ಧವಾದರೆ ಇಳಿಜಾರಿನಲ್ಲಿ ಸೈಕಲ್ ಬಿಟ್ಟಂತೆ. ಕೇಂದ್ರ ಮುಟ್ಟಿದ ಮೇಲೆ ತನ್ನ ಉತ್ತರವನ್ನು ಕಂಪ್ಯೂಟರು ಬರೆದ ದಾರಿಯ ಜೊತೆ ಹೋಲಿಸಿ ನೋಡುವಳು. ತಾಳೆಯಾಗುತ್ತಿತ್ತು. ದಿನವೂ ಸ್ವಲ್ಪ ಸ್ವಲ್ಪವೇ ಮುಂದೆ ಹೋದಳು.

ಸನ್ಮಾನಕ್ಕೆ ಐದಾರು ದಿನ ಇರುವಾಗ ಅವಳು ಈ ಸಂಖ್ಯೆಗೆ ಬಂದಳು:

103161669940448356241593685

ಬೆಸಸಂಖ್ಯೆ. ಮೂರು ಪಟ್ಟು ಮಾಡಿ ಒಂದು ಕೂಡಿಸಿದಳು. ಬಂದದ್ದು:

309485009821345068724781056

ಕಂಪ್ಯೂಟರಿನ ದಾರಿಯಲ್ಲಿ ಅದರ ಮುಂದಿನ ಸಂಖ್ಯೆ ಬೇರೆ ಇತ್ತು. ಮೊದಲಿನ ಅಂಕಿಗಳೆಲ್ಲ ಅವೇ. ಕೊನೆಯಲ್ಲಿ ಮಾತ್ರ ಇವಳದು 781056, ಅದರದು 780032.

ತಾನು ತಪ್ಪಿದೆನೆಂದು ನೀಲಗಂಗಾ ನಕ್ಕಳು. ಮತ್ತೆ ಮಾಡಿದಳು. 781056. ಕಣ್ಣುಜ್ಜಿಕೊಂಡು, ಹೊಸ ಹಾಳೆ ತೆಗೆದುಕೊಂಡು, ಬಲಗಡೆಯಿಂದ ಒಂದೊಂದೇ ಅಂಕಿಯನ್ನು ಬಾಯಿಬಿಟ್ಟು ಹೇಳುತ್ತ ಮಾಡಿದಳು. ಆಗಲೂ ಅದೇ.

ಅಂದು ಸಂಜೆ ಖಾನಾವಳಿಗೆ ಬಂದವಳು ಏನೂ ಹೇಳದೆ ಗಂಡನ ಮುಂದೆ ಸಂಖ್ಯೆ ಬರೆದಿಟ್ಟಳು.

"ರೀ, ಇದನ್ನ ಮೂರು ಪಟ್ಟು ಮಾಡಿ ಒಂದು ಕೂಡಿಸ್ರಿ. ಕೈಲೇ ಮಾಡ್ರಿ, ಫೋನ್ ಮುಟ್ಟಬ್ಯಾಡ್ರಿ."

ಶಿವರುದ್ರ ತುಟಿ ಅಲ್ಲಾಡಿಸುತ್ತ ಮಾಡಿದ. ಅವನಿಗೂ ಕೊನೆಯಲ್ಲಿ 781056 ಬಂತು. "ಯಾಕ? ತಪ್ಪೇನು?" ಎಂದು ಹೆಂಡತಿಯ ಮುಖ ನೋಡಿದ. ಅವಳು ಆಗಲೇ ಇನ್ನೊಂದು ಹಾಳೆಯಲ್ಲಿ ಕಂಪ್ಯೂಟರಿನ ಉತ್ತರದ ಅಂಕಿಗಳನ್ನು ಕೂಡಿಸುತ್ತಿದ್ದಳು. ನೂರಾ ಎಂಟು. ಅಂಕಿಗಳ ಮೊತ್ತ ಮೂರರಿಂದ ಭಾಗವಾದರೆ ಸಂಖ್ಯೆಯೂ ಮೂರರಿಂದ ಭಾಗವಾಗುತ್ತದೆ ಎಂಬುದು ಶಾಲೆಯಲ್ಲಿ ಕಲಿತದ್ದು. ಮೂರು ಪಟ್ಟು ಮಾಡಿ ಒಂದು ಕೂಡಿಸಿದರೆ ಬರುವ ಸಂಖ್ಯೆಯನ್ನು ಮೂರರಿಂದ ಭಾಗಿಸಿದಾಗ ಒಂದು ಉಳಿಯಲೇಬೇಕು. ಆದರೆ ಕಂಪ್ಯೂಟರಿನ ಉತ್ತರ ಶೇಷವಿಲ್ಲದೆ ಭಾಗವಾಗುತ್ತಿತ್ತು. ಅದು ಸರಿಯಾಗಿರಲು ಸಾಧ್ಯವೇ ಇರಲಿಲ್ಲ.

ಜಗತ್ತಿನ ಎಲ್ಲ ಕಂಪ್ಯೂಟರುಗಳೂ ಒಂದು ಗುಣಾಕಾರ ತಪ್ಪಿದ್ದವು.

"ಈಗ ಮುಂದಿಂದು ಏನಾಗ್ತೈತಿ?" ಎಂದಳು ಕಸ್ತೂರಿ. ರೊಟ್ಟಿ ಕೆಲಸ ಮುಗಿಸಿ, ಕೈ ಒರೆಸಿಕೊಳ್ಳುತ್ತ ಬಂದು ಅಣ್ಣನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು.

"ಸರಿಸಂಖ್ಯೆ. ಅರ್ಧ ಮಾಡಬೇಕು."

"ಕೊಡ್ರಿ ವೈನಿ, ಅರ್ಧ ಮಾಡೂದು ನನಗೂ ಬರ್ತೈತಿ."

ಕಸ್ತೂರಿ ಅರ್ಧ ಮಾಡಿದಳು. ಮತ್ತೆ ಸರಿಸಂಖ್ಯೆಯೇ ಬಂತು. ಶಿವರುದ್ರ ಅದನ್ನು ಅರ್ಧ ಮಾಡಿದ. ಅದೂ ಸರಿ. ಊಟ ಮುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ ಇಬ್ಬರು ಗಿರಾಕಿಗಳೂ ಕುರ್ಚಿ ಎಳೆದುಕೊಂಡು ಕೂತರು. ಒಬ್ಬರು ಅರ್ಧ ಮಾಡಿದರೆ ಇನ್ನೊಬ್ಬರು ಪರೀಕ್ಷಿಸುವುದು. ಸರಿ. ಮತ್ತೂ ಸರಿ. ಎಲ್ಲೂ ಒಂದು ಬೆಸಸಂಖ್ಯೆ ಬರಲಿಲ್ಲ. ಅಂಕಿಗಳು ಇಪ್ಪತ್ತೇಳರಿಂದ ಇಪ್ಪತ್ತಕ್ಕೆ, ಹದಿನೈದಕ್ಕೆ ಇಳಿದವು. ಕಸ್ತೂರಿಗೆ ಹುರುಪು ಬಂದಿತ್ತು.

ನೀಲಗಂಗಾಳಿಗೆ ಮಾತ್ರ ಅಷ್ಟು ಹೊತ್ತಿಗೆ ಗೊತ್ತಾಗಿಹೋಗಿತ್ತು. ಎರಡನ್ನು ಎರಡರಿಂದ ಗುಣಿಸುತ್ತ ಗುಣಿಸುತ್ತ ಹೋದಾಗ ಸಿಗುವ ಸಂಖ್ಯೆ ಅದು. ಎಂಬತ್ತೆಂಟು ಎರಡುಗಳ ಗುಣಲಬ್ಧ. ಅದರೊಳಗೆ ಎರಡನ್ನು ಬಿಟ್ಟು ಬೇರೇನೂ ಇಲ್ಲ. ಅದು ಒಂದೇ ಒಂದು ಸಲವೂ ಏರದೆ ನೆಟ್ಟಗೆ ಕೆಳಗಿಳಿಯುತ್ತದೆ.

"ಸಾವಿರದ ಇಪ್ಪತ್ನಾಲ್ಕು," ಎಂದ ಶಿವರುದ್ರ.

"ಐನೂರ ಹನ್ನೆರಡು! ಎರಡನೂರ ಐವತ್ತಾರು!" ಈಗ ಎಲ್ಲರೂ ಬಾಯಲ್ಲೇ ಹೇಳುತ್ತಿದ್ದರು. "ಹದಿನಾರು, ಎಂಟು, ನಾಕು, ಎರಡು, ಒಂದು!"

"ಇಳೀತ ನೋಡ್ರಿ ವೈನಿ!" ಎಂದು ಕಸ್ತೂರಿ ಚಪ್ಪಾಳೆ ತಟ್ಟಿದಳು. ಆಮೇಲೆ ತಟ್ಟುತ್ತಿದ್ದ ಕೈ ಹಾಗೇ ನಿಂತಿತು. ಗೋಡೆಯ ಮೇಲೆ, ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ನೀಲಗಂಗಾಳ ಚಿತ್ರವಿತ್ತು. "ಅಂದ್ರ… ಇಳಿಬಾರದಾಗಿತ್ತು ಹೌದಲ್ರಿ?"

ನೀಲಗಂಗಾ ತಲೆಯಾಡಿಸಿದಳು. ಶಿವರುದ್ರ ಎದ್ದು ಹೋಗಿ ಅವಳಿಗೊಂದು ಲೋಟ ಮಜ್ಜಿಗೆ ತಂದಿಟ್ಟ.

ಮರುದಿನ ನಿಯಂತ್ರಣ ಕೋಣೆಯಲ್ಲಿ ಅವಳು ದಾವಲಸಾಬರ ಮುಂದೆ ಎರಡೂ ಉತ್ತರಗಳನ್ನಿಟ್ಟಳು. ಅವರು ಒಂದರಿಂದ ಇನ್ನೊಂದನ್ನು ಕಳೆದರು. 1024.

"ಕೈಯಿಂದ ತಪ್ಪಾದ್ರ ಹತ್ತು ತಪ್ತೈತಿ, ನೂರು ತಪ್ತೈತಿ, ಸಾವಿರ ತಪ್ತೈತಿ," ಎಂದರು ನಿಧಾನವಾಗಿ. "ಸಾವಿರದ ಇಪ್ಪತ್ನಾಲ್ಕು ತಪ್ಪೂದು ಮನುಷ್ಯಾ ಅಲ್ಲ ತಂಗಿ. ಅದು ಹತ್ತು ಎರಡು ಗುಣಿಸಿದ್ದು. ಎರಡೆರಡಲೇ ಎಣಸಾವರು ಯಾರು? ಮಷೀನು."

ಆ ಕಾಲದಲ್ಲಿ ತಯಾರಾಗುತ್ತಿದ್ದ ಹೆಚ್ಚುಕಡಿಮೆ ಎಲ್ಲ ಚಿಪ್‌ಗಳಲ್ಲೂ ಕೂಡುವ ಭಾಗದ ನಕ್ಷೆ ಒಂದೇ ಆಗಿತ್ತು. ಯಾರೋ ಚೆನ್ನಾಗಿ ಬರೆದು ಜಗತ್ತಿಗೆ ಪುಕ್ಕಟೆ ಬಿಟ್ಟುಕೊಟ್ಟ ನಕ್ಷೆ. ಎಲ್ಲರೂ ಅದನ್ನೇ ಬಳಸಿದರು, ಹಳೆಯವು ಗುಜರಿಗೆ ಹೋದವು. ಯಂತ್ರ ಸೊನ್ನೆ ಮತ್ತು ಒಂದು ಎಂಬ ಎರಡೇ ಅಂಕಿಗಳಲ್ಲಿ ಬರೆಯುತ್ತದೆ. ನಾವು 99999ಕ್ಕೆ ಒಂದು ಕೂಡಿಸಿದಾಗ ಮುಂದಿನ ಮನೆಗೆ ಒಯ್ಯುವ ದಶಕ ಬಲದಿಂದ ಎಡಕ್ಕೆ ಕೊನೆಯವರೆಗೂ ಓಡಬೇಕಾಗುವಂತೆ, ಯಂತ್ರಕ್ಕೆ 11111 ಎಂಬ ಸಾಲಿಗೆ ಒಂದು ಕೂಡಿಸಿದಾಗ ಹಾಗಾಗುತ್ತದೆ. ದಶಕ ಓಡಿ ಮುಗಿಯುವವರೆಗೆ ಕಾಯುತ್ತ ಕುಳಿತರೆ ತಡ. ಅದಕ್ಕೆ ಚಿಪ್ ಸಂಖ್ಯೆಯನ್ನು ತುಂಡು ತುಂಡು ಮಾಡಿ, ಯಾವ ತುಂಡಿಗೆ ದಶಕ ಬರಬಹುದೆಂದು ಮೊದಲೇ ಊಹಿಸಿ, ಊಹೆ ತಪ್ಪಿದರೆ ತಿದ್ದಿಕೊಳ್ಳುತ್ತದೆ. ಒಂದು ಬಗೆಯ ಉದ್ದ ಸಾಲು, ತುಂಡುಗಳ ಗಡಿಯ ಮೇಲೆ ಒಂದು ಬಗೆಯಲ್ಲಿ ಕೂತಾಗ ಮಾತ್ರ, ತಿದ್ದುವ ಭಾಗವೂ ಮೋಸಹೋಗುತ್ತಿತ್ತು. ದಶಕ ಹತ್ತು ಮನೆ ದಾಟಿ ನಿಂತುಬಿಡುತ್ತಿತ್ತು. ಹಾಗೆ ಬಂದ ಸುಳ್ಳು ಸಂಖ್ಯೆ ಮುಂದೆ ನಡೆದು, ಹಳೆಯ ದಾರಿಗೇ ಬಂದು ಬಿದ್ದಿತ್ತು. ಹುಡುಕುತ್ತಿದ್ದವಳು ಸುತ್ತನ್ನೇ ಹುಡುಕುತ್ತಿದ್ದಳಾದ್ದರಿಂದ ಅದೇ ಸಿಕ್ಕಿತು.

ನೀಲಗಂಗಾ ಆ ಇಪ್ಪತ್ತೇಳು ಅಂಕಿಯ ಸಂಖ್ಯೆಯನ್ನು ಯಂತ್ರದ ಬರಹದಲ್ಲಿ ತೆರೆದು ನೋಡಿದಳು. 1010101010… ಒಂದು, ಸೊನ್ನೆ, ಒಂದು, ಸೊನ್ನೆ, ಕೊನೆಯವರೆಗೂ ಹಾಗೇ. ಮೂರು ಪಟ್ಟು ಮಾಡಿದರೆ ಪೂರ್ತಿ ಒಂದುಗಳೇ ಆಗುವ ಸಾಲು. ಅವಳು ಮುಂದಕ್ಕೆ ಬಾಗಿದಳು. ಈ ಸಾಲನ್ನು ಬೇರೆಲ್ಲೋ ನೋಡಿದ್ದೇನೆ ಅನ್ನಿಸಿತು. ಒಂದು ನಿಮಿಷ ಕಳೆದ ಮೇಲೆ ನೆನಪಾಯಿತು.

"ದಾವಲಣ್ಣಾ, ಇದು ಮೂರರಲ್ಲಿ ಒಂದು ಪಾಲು! ನಾವು ಮೂರರಲ್ಲಿ ಒಂದನ್ನ ಸೊನ್ನೆ ಪಾಯಿಂಟ್ ಮೂರು ಮೂರು ಮೂರು ಅಂತ ಬರೀತೀವಲ್ರಿ, ಮಷೀನು ಹಿಂಗ ಬರೀತೈತಿ. ಒಂದು ಸೊನ್ನೆ ಒಂದು ಸೊನ್ನೆ. ಅಂದ್ರ ಇಂಥಾ ದೊಡ್ಡ ಸಂಖ್ಯೆನ ಬೇಕಂತ ಇಲ್ಲ. ಯಾವುದನ್ನರ ಮೂರು ಪಾಲು ಮಾಡಿ, ಆ ಪಾಲು ವಾಪಸ್ ಕೂಡಿಸಿದಾಗೆಲ್ಲಾ ಈ ತಪ್ಪು ಆಗಬಹುದು. ದಿನಾ ಆಗಂಗಿಲ್ಲ. ಎಂದರೊಮ್ಮೆ, ಗಡಿ ಸರಿಯಾಗಿ ಕೂತಾಗ."

ಒಗಟು ಬಿಡಿಸಿದ ಖುಷಿಯಲ್ಲಿ ಅವಳು ಅವರ ಕಡೆ ತಿರುಗಿದಳು. ಅವರು ಆಗಲೇ ಫೋನು ಕಿವಿಗಿಟ್ಟುಕೊಂಡಿದ್ದರು.

"ಹುಸೇನಬಿ, ಹೊಟ್ಟಿ ಮ್ಯಾಗಿನ ಡಬ್ಬಿ ತಗದಿಡು. ಈಗ. ಯಾಕಂತ ಕೇಳಬ್ಯಾಡ, ತಗಿ. ನಾ ಬರಾಕತ್ತೀನಿ."

ಹುಸೇನಬಿ ದಾವಲಸಾಬರ ಹೆಂಡತಿ. ಸಕ್ಕರೆ ಕಾಯಿಲೆಯವಳು. ಹೊಟ್ಟೆಗೆ ಅಂಟಿಸಿಕೊಳ್ಳುವ ಪುಟ್ಟ ಇನ್ಸುಲಿನ್ ಯಂತ್ರ ದಿನದ ಮದ್ದನ್ನು ಮೂರು ಊಟಕ್ಕೆ ಮೂರು ಪಾಲು ಮಾಡಿ, ಎಷ್ಟು ಕೊಟ್ಟಾಯಿತೆಂದು ಕೂಡಿಸಿ ನೋಡಿ, ಉಳಿದದ್ದನ್ನು ಕೊಡುತ್ತಿತ್ತು. ಎರಡು ವರ್ಷದಲ್ಲಿ ಎರಡು ಸಲ ಅವಳು ಇದ್ದಕ್ಕಿದ್ದಂತೆ ಸಕ್ಕರೆ ಇಳಿದು ಬೆವತು ಬಿದ್ದಿದ್ದಳು. ಎರಡನೆಯ ಸಲ ಒಲೆಯ ಮುಂದೆ. ಮೊಣಕೈ ಸುಟ್ಟಿತ್ತು. ಎರಡೂ ಸಲ ಡಾಕ್ಟರು ಯಂತ್ರವನ್ನು ಪರೀಕ್ಷಿಸಿ, ಅದು ಸರಿಯಿದೆ, ನೀವೇ ಊಟ ಬಿಟ್ಟಿರಬೇಕು ಎಂದಿದ್ದರು. ಹುಸೇನಬಿ "ಉಂಡೀನಿ" ಎಂದರೆ ಯಾರೂ ನಂಬಿರಲಿಲ್ಲ. ದಾವಲಸಾಬರೂ ನಂಬಿರಲಿಲ್ಲ. ಆಮೇಲಿಂದ ಮನೆಯಲ್ಲಿ ಅವಳನ್ನು ಒಬ್ಬಳನ್ನೇ ಬಿಡುತ್ತಿರಲಿಲ್ಲ. ತಟ್ಟೆ ಖಾಲಿಯಾಗುವವರೆಗೆ ಯಾರಾದರೊಬ್ಬರು ಎದುರಿಗೆ ಕೂತಿರುತ್ತಿದ್ದರು.

ನೀಲಗಂಗಾ ಅವರ ಜೊತೆ ಬೆಟಗೇರಿಯ ಮನೆಗೆ ಹೋದಳು. ಹುಸೇನಬಿ ಯಂತ್ರವನ್ನು ಕಿತ್ತು ಒಂದು ಬಟ್ಟಲಲ್ಲಿಟ್ಟು ಬಾಗಿಲಲ್ಲೇ ನಿಂತಿದ್ದಳು. ದಾವಲಸಾಬರು ಅದರ ಒಳಗಿನ ದಾಖಲೆಯನ್ನು ತೆರೆದು ಕೈಯಿಂದ ಕೂಡಿಸಿ ನೋಡಿದರು. ಅವಳು ಬಿದ್ದ ಎರಡೂ ದಿನಗಳಲ್ಲಿ, ಯಂತ್ರ ತಾನು ಕೊಟ್ಟ ಮದ್ದನ್ನು ಕಡಿಮೆ ಎಂದು ಕೂಡಿಸಿಕೊಂಡಿತ್ತು. ಕಡಿಮೆಯಾಯಿತೆಂದು ಮತ್ತೆ ಕೊಟ್ಟಿತ್ತು.

ದಾವಲಸಾಬರು ಬಟ್ಟಲನ್ನು ಬದಿಗೆ ಸರಿಸಿದರು.

"ನೀ ಉಂಡಿದ್ದಿ," ಎಂದರು.

"ಅದನ್ನ ಹೇಳಿದ್ದೆ," ಎಂದಳು ಹುಸೇನಬಿ.

ಅಲ್ಲಿಂದಲೇ ನೀಲಗಂಗಾ ಮೈಸೂರಿಗೆ ಫೋನು ಮಾಡಿದಳು. ಇಂದುಮತಿ ಹೆಬ್ಬಾರರು ಕೊನೆಯವರೆಗೂ ಕೇಳಿಸಿಕೊಂಡು, "ಆ ಸಂಖ್ಯೆ ಹೇಳಿ, ಬರ್ಕೋತೀನಿ," ಎಂದರು. ಪೆನ್ಸಿಲ್ ಉಜ್ಜುವ ಸದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ಅದೂ ನಿಂತಿತು.

"ಮೇಡಂ?"

"ಇದ್ದೀನಿ. ನೀವು ಹೇಳಿದ್ದೇ ಸರಿ." ಒಂದು ನಿಟ್ಟುಸಿರು. "ಐವತ್ತು ವರ್ಷ ಗಣಿತ ಮಾಡಿದೀನಿ ಕಣ್ರೀ. ಆ ಕಾಗದಕ್ಕೆ ಸಹಿ ಹಾಕೋ ಮುಂಚೆ ಒಂದು ಪೆನ್ಸಿಲ್ ಹಿಡೀಲಿಲ್ಲ."

"ನನ್ನ ತಪ್ಪು ಮೇಡಂ. ನಿಮ್ಮ ಹೆಸರೂ ಹಾಳಾತು. ಭಾನುವಾರ ಸನ್ಮಾನ ಬ್ಯಾರೆ ಐತಿ."

"ಹೆಸರು ಹಾಳಾಗ್ಲಿ ಬಿಡಿ. ನೀವು ಭಾನುವಾರದ ತನಕ ಕಾಯ್ತೀರಾ?"

ನೀಲಗಂಗಾ ಒಳಗೆ ನೋಡಿದಳು. ಹುಸೇನಬಿಯಂಥವರು ಎಷ್ಟು ಜನರಿದ್ದಾರೋ ಯಾರಿಗೆ ಗೊತ್ತು. ದಾರಿಯುದ್ದಕ್ಕೂ ಅವಳ ಮನಸ್ಸಿನಲ್ಲಿ ಇನ್ನೊಂದು ಮಾತೂ ಓಡಾಡಿತ್ತು. ಚಿಪ್‌ನ ತಪ್ಪನ್ನಷ್ಟೇ ಹೇಳಿ, ಸಂಖ್ಯೆಯ ವಿಷಯ ಸನ್ಮಾನ ಮುಗಿದ ಮೇಲೆ ಹೇಳಿದರಾಗದೇ? ಆದರೆ ಸಂಖ್ಯೆಯನ್ನು ತೋರಿಸದೆ ತಪ್ಪನ್ನು ತೋರಿಸುವ ದಾರಿ ಇರಲಿಲ್ಲ.

"ಇಲ್ರಿ. ಇವತ್ತ ಹೇಳೂಣು," ಎಂದಳು.

ಇಬ್ಬರೂ ಸೇರಿ ಒಂದು ಪುಟದ ಪ್ರಕಟಣೆ ಹೊರಡಿಸಿದರು. ಇಳಿಯದ ಸಂಖ್ಯೆ ಇಳಿಯುತ್ತದೆ. ಈ ಗುಣಾಕಾರವನ್ನು ಕೈಯಿಂದ ಮಾಡಿ ನೋಡಿ. ಮೂರು ಪಾಲು ಮಾಡುವ ಯಂತ್ರಗಳನ್ನು, ಮೊದಲು ಮದ್ದಿನ ಯಂತ್ರಗಳನ್ನು, ನಿಲ್ಲಿಸಿ.

ಚಿಪ್ ತಯಾರಕರು ಮರುದಿನವೇ ಅದು ಕೈತಪ್ಪು ಎಂದರು. ಜಗತ್ತಿನ ಯಾವ ಕಂಪ್ಯೂಟರಿನಲ್ಲಿ ಬೇಕಾದರೂ ಪರೀಕ್ಷಿಸಿಕೊಳ್ಳಿ ಎಂದರು. ಜನ ಪರೀಕ್ಷಿಸಿದರು, ಕಂಪ್ಯೂಟರುಗಳು ಒಕ್ಕೊರಲಿನಿಂದ 780032 ಎಂದವು. ಗದಗಿನಲ್ಲೂ ಸಿಟ್ಟೆದ್ದಿತು. ಭಾನುವಾರದ ಸಭೆಯನ್ನು ರದ್ದುಮಾಡಿದರು. "ಕೊಟ್ಟ ಮಾನ ಕಳಕೊಂಡ್ಳು" ಎಂದು ಖಾನಾವಳಿಯಲ್ಲಿ ಕೂತೇ ಒಬ್ಬರು ಅಂದರು. ಕಸ್ತೂರಿ ಅವರ ಮುಂದೆ ರೊಟ್ಟಿಯ ಜೊತೆ ಪೆನ್ಸಿಲು ಕಾಗದ ಇಟ್ಟು, "ಮಾಡಿ ತೋರಿಸ್ರಿ ಮತ್ತ, ಆಮ್ಯಾಗ ಮಾತಾಡ್ರಿ," ಎಂದಳು. ಅವರು ಮಾಡಿದರು. ರೊಟ್ಟಿ ಆರಿಹೋಯಿತು.

ಅಂಥದೇ ಎಲ್ಲ ಕಡೆ ನಡೆಯತೊಡಗಿತು. ಅದನ್ನು ಪರೀಕ್ಷಿಸಲು ಪ್ರಯೋಗಾಲಯ ಬೇಕಿರಲಿಲ್ಲ, ಪದವಿ ಬೇಕಿರಲಿಲ್ಲ. ಮೂರರ ಮಗ್ಗಿ ಬಂದರೆ ಸಾಕಿತ್ತು. ಶಾಲೆಗಳಲ್ಲಿ ಮಾಡಿದರು, ರೈಲಿನಲ್ಲಿ ಮಾಡಿದರು, ಹೆರಿಗೆ ವಾರ್ಡಿನ ಹೊರಗೆ ಕಾಯುತ್ತ ಕೂತವರು ಮಾಡಿದರು. ನೈರೋಬಿಯಲ್ಲಿ ಒಂದು ಕಾರ್ಖಾನೆಯ ಕೆಲಸಗಾರರೆಲ್ಲ ಸೇರಿ ಅಂಗಳದ ನೆಲದ ಮೇಲೆ ಸುಣ್ಣದಲ್ಲಿ ಮಾಡಿ, ಒಂದಕ್ಕೆ ಬಂದು ಮುಟ್ಟಿದ ಚಿತ್ರ ಕಳಿಸಿದರು. ಎಲ್ಲರ ಕೈಗೂ 781056 ಬಂದಿತ್ತು. ಎರಡನೆಯ ವಾರ ತಯಾರಕರು ಒಪ್ಪಿಕೊಂಡರು.

ಆ ಮಳೆಗಾಲ ಜಗತ್ತು ನಿಧಾನವಾಯಿತು. ಆಸ್ಪತ್ರೆಗಳಲ್ಲಿ ನರ್ಸುಗಳು ಹನಿ ಎಣಿಸಿ ಮದ್ದು ಕೊಟ್ಟರು. ಹುಬ್ಬಳ್ಳಿಯ ರೈಲುಗಳು ಒಂದನ್ನೊಂದು ಕಾಯುತ್ತ ನಿಂತವು. ಶಿವರುದ್ರ ಬಿಲ್ಲನ್ನು ಕೈಯಲ್ಲೇ ಬರೆಯತೊಡಗಿ, ಅದೇ ಚಲೋ ಎನ್ನತೊಡಗಿದ. ಬೇರೆ ಬೇರೆ ಊರುಗಳಿಂದ, ಯಾಕೆ ಎಂದು ತಿಳಿಯದೆ ಬಿದ್ದವರ, ಸತ್ತವರ ಮನೆಯವರು ಹಳೆಯ ದಾಖಲೆಗಳನ್ನು ತೆಗೆಸಿ ನೋಡಿದರು. ಕೆಲವರಿಗೆ ಉತ್ತರ ಸಿಕ್ಕಿತು. ಆ ಪತ್ರಗಳನ್ನು ಓದಿದ ದಿನ ನೀಲಗಂಗಾ ಊಟ ಮಾಡುತ್ತಿರಲಿಲ್ಲ.

ದೂರದ ಸಂಸ್ಥೆಯವರು ಹುದ್ದೆಯ ಮಾತನ್ನು ಮತ್ತೆ ಎತ್ತಲಿಲ್ಲ. ಅವಳಿಗೆ ಅದಕ್ಕಿಂತ ಹೆಚ್ಚು ನೋವಾದದ್ದು ಬೇರೆ. ಒಂದು ತಿಂಗಳ ಕಾಲ ಅವಳು, ಮನುಷ್ಯರಲ್ಲಿ ಯಾರಿಗೂ ತಿಳಿಯದ ಒಂದು ವಿಷಯ ತನಗೆ ತಿಳಿದಿದೆ ಎಂದುಕೊಂಡು ಬದುಕಿದ್ದಳು. ಬಸ್ಸಿನಲ್ಲಿ ಕೂತಾಗ ಅದು ಮಡಿಲಲ್ಲಿ ಮಲಗಿದ ಮಗುವಿನ ಹಾಗೆ ಬೆಚ್ಚಗಿರುತ್ತಿತ್ತು. ಈಗ ಮಡಿಲು ಖಾಲಿಯಾಗಿತ್ತು. ಹಾಗೆಂದು ಅವಳು ಗಂಡನಿಗೂ ಹೇಳಲಿಲ್ಲ. ಶ್ರಾವಣ ಮುಗಿದು ಗಾಳಿ ತಗ್ಗಿತು. ಕೇಂದ್ರದಲ್ಲಿ ಹೊಸ ಚಿಪ್‌ಗಳು ಬಂದವು. ಅವುಗಳಲ್ಲಿ ಪ್ರತಿ ಲೆಕ್ಕವನ್ನೂ ಮೂರರಿಂದ ಭಾಗಿಸಿ, ಉಳಿಯುವ ಶೇಷ ಸರಿಯಾಗಿದೆಯೇ ಎಂದು ತಾಳೆ ನೋಡುವ ಒಂದು ಪುಟ್ಟ ಭಾಗವನ್ನು ಸೇರಿಸಿದ್ದರು.

ದೀಪಾವಳಿಯ ಮುಂದಿನ ವಾರ ದಾವಲಸಾಬರು ಅವಳನ್ನು ಮನೆಗೆ ಚಹಾಕ್ಕೆ ಕರೆದರು. ಅವರಿಗೆ ಆ ತಿಂಗಳು ನಿವೃತ್ತಿ. ಹುಸೇನಬಿ ಹೊಸ ಯಂತ್ರ ಹಾಕಿಸಿಕೊಂಡಿದ್ದಳು. ಬೆಳಿಗ್ಗೆ ಎದ್ದು ಅದು ತೋರಿಸಿದ್ದನ್ನು ತಾನೂ ಒಂದು ಸಲ ಕೂಡಿಸಿ ನೋಡುತ್ತೇನೆ ಎಂದಳು. ಮೊಣಕೈಯ ಕಲೆ ಮಾಸಿರಲಿಲ್ಲ. ಒಲೆ ಹಚ್ಚಿ, ಪಾತ್ರೆ ಇಟ್ಟು, ಹಾಲು ಸಾಲದೆಂದು ನೋಡಿ, ಚೀಲ ತೆಗೆದುಕೊಂಡು ಹೊರಟಳು. ದಾವಲಸಾಬರು ಅಭ್ಯಾಸಬಲದಿಂದ ಅರ್ಧ ಎದ್ದರು. ಅವಳು ಬಾಗಿಲಲ್ಲಿ ತಿರುಗಿ ನೋಡಿದಳು. ಅವರು ಮತ್ತೆ ಕೂತರು. ಅವಳು ಮೂಲೆಯ ಅಂಗಡಿಯಿಂದ ಹಾಲು ತರುವಷ್ಟರಲ್ಲಿ ಅವರು ಮಾತಿನ ನಡುವೆ ಎರಡು ಸಲ ಕಿಟಕಿಯ ಕಡೆ ನೋಡಿದ್ದನ್ನು ನೀಲಗಂಗಾ ಗಮನಿಸಿದಳು.

ಚಹಾ ಸೋಸುತ್ತ ಹುಸೇನಬಿ ಕೇಳಿದಳು: "ಅಲ್ರಿ ಅಕ್ಕಾರ, ನಿಮ್ಮದು ಆ ಅಂಕಿ ಇಳೀತು. ಅದು ಹೋತು. ಆದ್ರ ಖರೇನ ಇಳಿದೇ ಇರೂದು ಒಂದು ಎಲ್ಲಾದರೂ ಐತೇನ್ರಿ?"

ಇಷ್ಟು ದಿನ ಎಷ್ಟೋ ಜನ ಅವಳನ್ನು ಎಷ್ಟೋ ಕೇಳಿದ್ದರು. ಹೇಗೆ ತಪ್ಪಿತು, ಯಾಕೆ ಮೊದಲೇ ನೋಡಲಿಲ್ಲ, ನಾಚಿಕೆಯಾಗಲಿಲ್ಲವೇ. ಇದನ್ನು ಯಾರೂ ಕೇಳಿರಲಿಲ್ಲ. ನೀಲಗಂಗಾ ಉತ್ತರಿಸಲು ಬಾಯಿ ತೆರೆದು, ತಡೆದಳು. ಮೂರು ಪಟ್ಟು ಮಾಡಿ ಒಂದು ಕೂಡಿಸಿದ್ದು ಎಂದೂ ಮೂರರಿಂದ ಭಾಗವಾಗುವುದಿಲ್ಲ. ಅರ್ಧ ಮಾಡಿದರೂ ಆಗುವುದಿಲ್ಲ. ಹಾಗಾದರೆ ನಿಜವಾದ ಸುತ್ತು ಒಂದಿದ್ದರೆ ಅದರೊಳಗೆ ಮೂರರಿಂದ ಭಾಗವಾಗುವ ಒಂದು ಸಂಖ್ಯೆಯೂ ಇರಲಾರದು. ಇದು ಬಲ್ಲವರೆಲ್ಲ ಬಲ್ಲದ್ದೇ. ಆದರೆ ಒಂಬತ್ತರಿಂದ ಭಾಗಿಸಿದಾಗ ಉಳಿಯುವುದನ್ನು ನೋಡಿದರೆ? ಇಪ್ಪತ್ತೇಳರಿಂದ? ಎಲ್ಲಿ ಇರಲಾರದು ಎಂದು ಒಂದೊಂದೇ ಬಾಗಿಲು ಮುಚ್ಚುತ್ತ ಹೋದರೆ, ತೆರೆದು ಉಳಿಯುವ ಬಾಗಿಲು ಯಾವುದು? ಅವಳ ಬೆರಳು ತಾನಾಗಿಯೇ ಮೇಜಿನ ಮೇಲೆ ಅಂಕಿ ಬರೆಯತೊಡಗಿತು.

"ಗೊತ್ತಿಲ್ರೀ," ಎಂದಳು.

ಹುಸೇನಬಿ ಚಹಾದ ಕಪ್ಪನ್ನು ಅವಳ ಮುಂದಿಟ್ಟು, ಅವಳ ಮುಖವನ್ನೇ ನೋಡಿ, ಗಂಡನಿಗೆ ಹೇಳಿದಳು:

"ಗೊತ್ತಿಲ್ಲ ಅಂತ ಹೇಳಾಕ ಇವರಿಗೆ ಎಷ್ಟ ಖುಷಿ ನೋಡ್ರಿ!"